ಮೂರೂವರೆ ಗಂಟೆಗೆ ಊರು ನೋಡಿದವಳು

ಹೋಕ್‌ಫೆಲ್ಡ್‌ನಲ್ಲಿ ರೋಂಡಾ ಸ್ಟಕಿಯ ಹಳದಿ ಬಸ್ಸು ಹತ್ತದೆ ಶಾಲೆ ಕಲಿತ ಮಕ್ಕಳು ಆ ಕಾಲದಲ್ಲಿ ಇರಲಿಲ್ಲ. ಇಪ್ಪತ್ತೆರಡನೆಯ ವಯಸ್ಸಿಗೆ ಸ್ಟೀರಿಂಗ್ ಹಿಡಿದವಳು ಒಂಬತ್ತು ವರ್ಷ ಅದೇ ದಾರಿಯಲ್ಲಿ ಓಡಿಸಿದಳು. ಬೆಳಗ್ಗೆ ಆರೂವರೆಗೆ ಹೊರಟು, ಕ್ಯಾನ್ಸಸ್ಸಿನ ಗೋಧಿ ಹೊಲಗಳ ನಡುವಿನ ಜಲ್ಲಿ ರಸ್ತೆಯಲ್ಲಿ ಒಂದೊಂದು ಮನೆಯ ಮುಂದೂ ನಿಲ್ಲಿಸಿ, ಮೂವತ್ತೆಂಟು ಮಕ್ಕಳನ್ನು ತುಂಬಿಕೊಂಡು ಬರುತ್ತಿದ್ದಳು. ಮೇಲಿನ ಕನ್ನಡಿಯಲ್ಲಿ ಒಮ್ಮೆ ಕಣ್ಣಾಡಿಸಿದರೆ ಸಾಕು, ಯಾರು ಯಾರ ಜೊತೆ ಠೂ ಬಿಟ್ಟಿದ್ದಾರೆ, ಯಾರ ಮನೆಯಲ್ಲಿ ಬೆಳಗ್ಗೆ ಜಗಳವಾಗಿದೆ, ಎಲ್ಲ ಗೊತ್ತಾಗುತ್ತಿತ್ತು.

ಅವಳ ಗಂಡ ವರ್ಲಿನ್ ತನ್ನ ತಂದೆಯ ವರ್ಕ್‌ಶಾಪಿನಲ್ಲಿ ಟ್ರ್ಯಾಕ್ಟರು, ಕಟಾವು ಯಂತ್ರಗಳ ರಿಪೇರಿ ಮಾಡುತ್ತಿದ್ದ. ಕೈಗೆ ಕೊಟ್ಟ ಯಂತ್ರವೆಲ್ಲ ಅವನ ಮಾತು ಕೇಳುತ್ತಿತ್ತು, ಆದರೆ ಅವನ ಬಾಯಿಂದ ಮಾತು ಹೊರಡಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಟೆಸ್‌ಗೆ ಐದು ವರ್ಷ, ಚಿಕ್ಕವಳು ನೆಲ್‌ಗೆ ಎರಡು.

ಟೆಸ್ ಹದಿನಾಲ್ಕು ತಿಂಗಳ ಕೂಸಾಗಿದ್ದಾಗ ಮಿದುಳು ಜ್ವರ ಬಂದು, ಹತ್ತು ದಿನ ಆಸ್ಪತ್ರೆಯಲ್ಲಿದ್ದು ಬದುಕಿಕೊಂಡಿದ್ದಳು. ಜೀವ ಉಳಿಯಿತು, ಎರಡೂ ಕಿವಿ ಹೋದವು. ಎದೆಗೆ ಕಟ್ಟಿದ ಕಿವಿಯಂತ್ರದ ಡಬ್ಬಿಯಿಂದ ಹೆಚ್ಚೇನೂ ಪ್ರಯೋಜನವಾಗಲಿಲ್ಲ. ಮನೆಯವರು ತಮಗೆ ತೋಚಿದಂತೆ ಸನ್ನೆಗಳನ್ನು ಮಾಡಿಕೊಂಡರು. ಬಟ್ಟಲು ಹಿಡಿದಂತೆ ಮಾಡಿದರೆ ಹಾಲು. ಕೆನ್ನೆ ಹಿಂಡಿಕೊಂಡರೆ ಅಜ್ಜಿ ಎಲ್ಡಾ, ಏಕೆಂದರೆ ಆಕೆ ಕಂಡಾಗಲೆಲ್ಲ ಮಗುವಿನ ಕೆನ್ನೆ ಹಿಂಡುತ್ತಿದ್ದಳು. ಹೀಗೆ ಎಲ್ಲ ಸೇರಿ ಮೂವತ್ತು ಸನ್ನೆಗಳಿದ್ದವೋ ಏನೋ. ಹದಿನೈದು ದಿನಕ್ಕೊಮ್ಮೆ ಜಿಲ್ಲೆಯಿಂದ ಮಿಸೆಸ್ ಪೆನ್ನರ್ ಎಂಬ ಶಿಕ್ಷಕಿ ಬಂದು, ಒಂದು ಗಂಟೆ ಕೂತು, ಚಿತ್ರದ ಚೀಟಿಗಳನ್ನು ತೋರಿಸಿ ಹೋಗುತ್ತಿದ್ದರು. ಊರಲ್ಲಿ ಎಲ್ಲರಿಗೂ ಟೆಸ್ ಅಂದರೆ ಅಕ್ಕರೆ. ಚರ್ಚಿನ ಊಟದ ದಿನ ಅವಳ ತಟ್ಟೆಗೆ ಯಾರಾದರೂ ಒಂದು ತುಂಡು ಕೇಕು ಹೆಚ್ಚು ಹಾಕುತ್ತಿದ್ದರು.

ಸಾವಿರದ ಒಂಬೈನೂರ ಎಂಬತ್ತಾರರ ಫೆಬ್ರವರಿಯಲ್ಲಿ ಟೆಸ್ ಮೂರು ದಿನ ಹಟ ಹಿಡಿದಳು. ಊಟ ಬೇಡ, ಹಾಸಿಗೆ ಬೇಡ, ತಂಗಿಯನ್ನು ನೂಕುವುದು, ಕಾರಣವಿಲ್ಲದೆ ಅಳುವುದು. ಚಳಿಗಾಲದಲ್ಲಿ ಮನೆಯೊಳಗೆ ಕೂತು ಕೂತು ಬೇಜಾರಾಗಿದೆ ಎಂದುಕೊಂಡ ರೋಂಡಾ ಎರಡನೆಯ ದಿನ ಬೆನ್ನಿಗೆ ಒಂದು ಏಟು ಸಹ ಕೊಟ್ಟಳು. ಮೂರನೆಯ ದಿನ ಬೆಳಗ್ಗೆ ಮಗುವಿನ ದವಡೆ ಊದಿ ನಿಂಬೆಹಣ್ಣಿನಷ್ಟಾಗಿತ್ತು. ಹಲ್ಲಿನ ವೈದ್ಯರು ಬಾಯಿ ತೆರೆಸಿ ನೋಡಿ ಹೇಳಿದರು: “ಕೀವು ತುಂಬಿದೆ. ದೊಡ್ಡೋರೇ ತಡ್ಕೊಳ್ಳಲ್ಲ ಇದನ್ನ. ಮಗು ಹೇಳ್ಲಿಲ್ವಾ?”

ವಾಪಸು ಬರುವಾಗ ರೋಂಡಾ ಕಾರನ್ನು ರಸ್ತೆ ಬದಿಗೆ ನಿಲ್ಲಿಸಿದಳು. ನೋವು ಎನ್ನುವುದಕ್ಕೆ ಅವರ ಮನೆಯಲ್ಲಿ ಸನ್ನೆಯೇ ಇರಲಿಲ್ಲ. ಹಾಲಿಗೆ ಇತ್ತು, ಬನ್ನಿಗೆ ಇತ್ತು, ಬೆಕ್ಕಿಗೆ ಇತ್ತು. ಹಿಂದಿನ ಸೀಟಿನಲ್ಲಿ ಟೆಸ್ ಬಾಯಲ್ಲಿ ಹತ್ತಿ ಕಚ್ಚಿಕೊಂಡು, ಕನ್ನಡಿಯಲ್ಲಿ ಅಮ್ಮನ ಮುಖವನ್ನೇ ನೋಡುತ್ತಿದ್ದಳು.

ಮುಂದಿನ ಸಲ ಮಿಸೆಸ್ ಪೆನ್ನರ್ ಬಂದಾಗ, ಇವಳನ್ನು ಯಾವ ಶಾಲೆಗೆ ಹಾಕಬೇಕು ಎಂದು ರೋಂಡಾ ನೇರವಾಗಿ ಕೇಳಿದಳು. ಆಕೆ ಮೂರು ದಾರಿ ಹೇಳಿದರು. ವಿಚಿಟಾ ನಗರದ ಒಂದು ಶಾಲೆಯಲ್ಲಿ ಕಿವುಡ ಮಕ್ಕಳಿಗೆ ಪ್ರತ್ಯೇಕ ತರಗತಿ ಇದೆ. ಫೇರ್‌ಓಕ್ಸ್ ಎಂಬಲ್ಲಿ ಬಾಯಿಮಾತನ್ನೇ ಕಲಿಸುವ ಖಾಸಗಿ ಶಾಲೆ ಇದೆ. ಇನ್ನು ನಾಲ್ಕು ಗಂಟೆ ದಾರಿಯ ಡಾರ್ನೆಲ್‌ನಲ್ಲಿ ಕಿವುಡ ಮಕ್ಕಳದೇ ದೊಡ್ಡ ಶಾಲೆ ಇದೆ, ಜೊತೆಗೆ ಹಾಸ್ಟೆಲ್ಲೂ ಇದೆ.

“ಹಾಸ್ಟೆಲ್ ಇದ್ಯಲ್ಲ, ಮತ್ತೇನು?” ಎಂದ ವರ್ಲಿನ್, ಅವರು ಹೋದ ಮೇಲೆ. “ಭಾನುವಾರ ಬಿಟ್ಟು ಬರೋದು, ಶುಕ್ರವಾರ ಕರ್ಕೊಂಡು ಬರೋದು.”

“ಶುಕ್ರವಾರ ಬರ್ತೀವಿ ಅಂತ ಅವಳಿಗೆ ಹೇಗೆ ಹೇಳ್ತೀಯ? ಹೇಳು ನೋಡೋಣ, ಕೈಯಲ್ಲಿ ಮಾಡಿ ತೋರ್ಸು.”

ವರ್ಲಿನ್ ಎರಡೂ ಕೈ ಎತ್ತಿದ. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ಯೋಚಿಸಿದ. ಆಮೇಲೆ ಕೆಳಗಿಳಿಸಿದ.

“ಊರ ಮಕ್ಕಳನ್ನೆಲ್ಲ ದಿನಾ ಸಂಜೆ ಅವರವರ ಮನೆ ಮುಟ್ಟಿಸ್ತೀನಿ ನಾನು,” ಎಂದಳು ರೋಂಡಾ. “ನನ್ನ ಮಗೂನ ಮಾತ್ರ ವಾರಕ್ಕೊಂದ್ಸಲ ಮನೆಗೆ ತರ್ಬೇಕಾ? ಹೋಗೋದಾದ್ರೆ ನಾಲ್ಕೂ ಜನ ಹೋಗೋಣ.”

“ಎಲ್ಲಿಗೆ?”

“ನೋಡ್ಕೊಂಡು ಬರ್ತೀನಿ. ನೋಡೋದಕ್ಕೇನು, ಊರುಗಳು ಕಾಸು ಕೇಳಲ್ಲ.”

ಅವಳು ಬುಧವಾರಗಳಿಗೆ ಬದಲಿ ಚಾಲಕನನ್ನು ಗೊತ್ತು ಮಾಡಿಕೊಂಡು, ಇಬ್ಬರು ಮಕ್ಕಳನ್ನೂ ಕಾರಿಗೆ ಹತ್ತಿಸಿಕೊಂಡು ಹೊರಟಳು. ಬೇರೆಯವರಾದರೆ ಮನೆ ಬಾಡಿಗೆ ಎಷ್ಟು, ಆಸ್ಪತ್ರೆ ಎಷ್ಟು ದೂರ ಎಂದು ವಿಚಾರಿಸುತ್ತಿದ್ದರು. ಅವಳೂ ವಿಚಾರಿಸಿದಳು. ಆದರೆ ಬಸ್ಸು ಓಡಿಸಿದವಳಿಗೆ ಒಂದು ವಿಷಯ ಗೊತ್ತಿತ್ತು: ಶಾಲೆಯೊಳಗೆ ಮಕ್ಕಳು ಹೇಗೆ ಕೂತಿರುತ್ತಾರೆ ಎಂಬುದರಿಂದ ಏನೂ ತಿಳಿಯುವುದಿಲ್ಲ. ಮಧ್ಯಾಹ್ನ ಮೂರೂವರೆಗೆ ಶಾಲೆ ಬಿಟ್ಟಾಗ ಅವರು ಎಲ್ಲಿಗೆ ಹೋಗುತ್ತಾರೆ, ಯಾರ ಜೊತೆ ಹೋಗುತ್ತಾರೆ ಎಂದು ನೋಡಬೇಕು.

ವಿಚಿಟಾದ ತರಗತಿಯ ಶಿಕ್ಷಕಿ ಒಳ್ಳೆಯವಳು, ಚುರುಕಿನವಳು. ಏಳು ಮಕ್ಕಳಿದ್ದವು. ಮೂರೂವರೆಗೆ ಶಾಲೆಯ ಹಿಂದೆ ಏಳು ವ್ಯಾನುಗಳು ಬಂದು ನಿಂತವು. ಏಳು ಮಕ್ಕಳು ಏಳು ವ್ಯಾನು ಹತ್ತಿ, ನಗರದ ಏಳು ದಿಕ್ಕಿಗೆ ಹೋದವು. ರೋಂಡಾ ಒಂದು ವ್ಯಾನಿನ ಹಿಂದೆಯೇ ಕಾರು ಓಡಿಸಿದಳು. ಐವತ್ತು ನಿಮಿಷದ ಮೇಲೆ ಒಂದು ಅಪಾರ್ಟ್‌ಮೆಂಟಿನ ಮುಂದೆ ಇಳಿದ ಹುಡುಗಿ ಕೀಲಿ ತೆಗೆದುಕೊಂಡು ಒಳಗೆ ಹೋದಳು. ಮೆಟ್ಟಿಲ ಮೇಲೆ ಆಡುತ್ತಿದ್ದ ಮಕ್ಕಳು ಅವಳಿಗೆ ದಾರಿ ಬಿಟ್ಟರು, ಅಷ್ಟೆ.

ಫೇರ್‌ಓಕ್ಸ್ ಚಿತ್ರದಂಥ ಊರು. ಅಲ್ಲಿಯ ಮುಖ್ಯೋಪಾಧ್ಯಾಯಿನಿ ಒಂಬತ್ತು ವರ್ಷದ ಒಬ್ಬಳನ್ನು ಕರೆದು ಮಾತಾಡಿಸಿದರು. ಆ ಹುಡುಗಿ “ನಿಮ್ಮ ಪ್ರಯಾಣ ಸುಖಕರವಾಗಿತ್ತೇ?” ಎಂದು ಬಾಯಲ್ಲೇ ಕೇಳಿದಳು. ರೋಂಡಾಳಿಗೆ ಆಸೆ ಮೊಳೆಯಿತು. ಆದರೆ ತರಗತಿಯಲ್ಲಿ ಎಲ್ಲ ಮಕ್ಕಳೂ ಕೈಗಳನ್ನು ಮೇಜಿನ ಮೇಲೆ ಕದಲಿಸದೆ ಇಟ್ಟುಕೊಂಡು ಕೂತಿದ್ದರು. “ಕೈ ಆಡಿಸೋಕೆ ಬಿಟ್ಟರೆ ಬಾಯಿ ಸೋಮಾರಿಯಾಗುತ್ತೆ,” ಎಂದರು ಆಕೆ, ಪ್ರೀತಿಯಿಂದಲೇ. ಟೆಸ್ ತಂಗಿಗೆ ಬೆಕ್ಕಿನ ಸನ್ನೆ ಮಾಡಿ ತೋರಿಸುತ್ತಿದ್ದಳು, ಒಬ್ಬ ಶಿಕ್ಷಕಿ ಮೆಲ್ಲಗೆ ಅವಳ ಕೈಗಳನ್ನು ಹಿಡಿದು ತೊಡೆಯ ಮೇಲಿಟ್ಟಳು. ಮೂರೂವರೆಗೆ ರೋಂಡಾ ಒಂದು ಬೀದಿಯಲ್ಲಿ ಕಾರು ನಿಲ್ಲಿಸಿ ಕಾದಳು. ಒಂದಾದ ಮೇಲೊಂದು ಕಾರು ಬಂತು, ಗ್ಯಾರೇಜಿನ ಬಾಗಿಲು ತಾನಾಗಿ ಮೇಲೆದ್ದಿತು, ಕಾರು ಒಳಗೆ ಹೋಯಿತು, ಬಾಗಿಲು ಇಳಿಯಿತು. ನಾಲ್ಕೂವರೆ ತನಕ ಕೂತರೂ ಒಂದು ಮಗು ಬೀದಿಗೆ ಬರಲಿಲ್ಲ.

ಡಾರ್ನೆಲ್‌ಗೆ ಹೋದದ್ದು ಏಪ್ರಿಲ್‌ನಲ್ಲಿ. ನೋಡಲು ಅಂಥ ಚೆಂದದ ಊರೇನಲ್ಲ. ಮುಖ್ಯ ಬೀದಿಯಲ್ಲಿ ಅರ್ಧ ಅಂಗಡಿಗಳಿಗೆ ಹಲಗೆ ಹೊಡೆದಿತ್ತು, ಗಾಳಿಗೆ ಧೂಳೆದ್ದಿತ್ತು. ಮೂರೂವರೆಗೆ ಶಾಲೆಯ ಕೆಂಪು ಇಟ್ಟಿಗೆ ಕಟ್ಟಡದಿಂದ ಮಕ್ಕಳು ಹೊರಬಿದ್ದರು. ಹಾಸ್ಟೆಲ್ಲಿನವರು ಅತ್ತ ಹೋದರು, ಊರಲ್ಲೇ ಮನೆ ಇದ್ದವರು ಇತ್ತ ಬಂದರು. ಆದರೆ ಅವರು ಮನೆಗೆ ಹೋಗಲೇ ಇಲ್ಲ. ಮೂಲೆಯ ಡೋನಟ್ ಅಂಗಡಿಯ ಮುಂದೆ ಇಪ್ಪತ್ತು ಜನ ಗುಂಪು ಕಟ್ಟಿ ನಿಂತರು. ಕೂದಲು ಕಿತ್ತುಹೋಗುವಂತೆ ಗಾಳಿ ಬೀಸುತ್ತಿದ್ದರೂ, ಬೆನ್ನಿನ ಚೀಲ ಕೆಳಗೆ ಹಾಕಿ, ಕೈಕೈ ಬೀಸಿ ಒಂದೇ ಸಮ ಮಾತು. ಒಬ್ಬಳು ಏನೋ ಹೇಳಿದ್ದಕ್ಕೆ ಇನ್ನೊಬ್ಬ ನಗುತ್ತಾ ನೆಲದ ಮೇಲೇ ಕೂತುಬಿಟ್ಟ. ಅರ್ಧ ಗಂಟೆಯ ಮೇಲೆ ಅಂಗಡಿಯವನು ಒಳಗಿನ ದೀಪವನ್ನು ಪಟಪಟ ಹಾಕಿ ಆರಿಸಿದ. ಮನೆಗೆ ಹೋಗಿ ಎಂದು ಅದರ ಅರ್ಥ. ಮಕ್ಕಳು ಅವನಿಗೂ ಏನೋ ಕೈಯಲ್ಲೇ ತಿರುಗೇಟು ಕೊಟ್ಟು, ಮತ್ತೆ ಹತ್ತು ನಿಮಿಷ ನಿಂತರು.

ಟೆಸ್ ಕಾರಿನ ಕಿಟಕಿಗೆ ಹಣೆ ಒತ್ತಿಕೊಂಡಿದ್ದಳು. ಉಸಿರಿನಿಂದ ಗಾಜು ಮಂಜಾದಾಗಲೆಲ್ಲ ತೋಳಿನಿಂದ ಒರೆಸಿ ಮತ್ತೆ ನೋಡುತ್ತಿದ್ದಳು.

ರೋಂಡಾ ಮಕ್ಕಳನ್ನು ಕರೆದುಕೊಂಡು ಅಂಗಡಿಯೊಳಗೆ ಹೋದಳು. ಅಂಗಡಿಯವನ ಹೆಸರು ಹರ್ಷೆಲ್. ಅವನಿಗೆ ಕಿವಿ ಕೇಳುತ್ತಿತ್ತು, ಕೈಮಾತೂ ಬರುತ್ತಿತ್ತು. ಕಿಟಕಿಯ ಪಕ್ಕದಲ್ಲಿ ಎಪ್ಪತ್ತರ ಒಬ್ಬ ಹೆಂಗಸು ಕಾಫಿ ಕುಡಿಯುತ್ತಿದ್ದಳು. ಶಾಲೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತು ವರ್ಷ ದುಡಿದ ಬರ್ನಡೀನ್, ಹುಟ್ಟು ಕಿವುಡಿ. ಅವಳು ಟೆಸ್‌ಳ ಎದೆಯ ಮೇಲಿದ್ದ ಕಿವಿಯಂತ್ರದ ಡಬ್ಬಿ ನೋಡಿದಳು, ಕುರ್ಚಿ ಎಳೆದು ಎದುರಿಗೆ ಕೂರಿಸಿಕೊಂಡಳು, ಹುಬ್ಬೇರಿಸಿ ಕೈಯಲ್ಲಿ ಏನೋ ಕೇಳಿದಳು.

“ಹೆಸರು ಕೇಳ್ತಿದಾರೆ,” ಎಂದ ಹರ್ಷೆಲ್.

“ಅವಳಿಗೆ ಮಾತು ಬರಲ್ಲ,” ಎಂದಳು ರೋಂಡಾ. “ಈ ಕೈಮಾತೂ ಗೊತ್ತಿಲ್ಲ.”

ಟೆಸ್ ಆ ಮುದುಕಿಯ ಕೈಗಳನ್ನು ನೋಡಿದಳು. ಆಮೇಲೆ ಇದ್ದಕ್ಕಿದ್ದಂತೆ ತನ್ನ ಬಾಯಿ ತೆರೆದು, ಹಲ್ಲು ಇಲ್ಲದ ಜಾಗ ತೋರಿಸಿದಳು. ದವಡೆಯ ಪಕ್ಕದಲ್ಲಿ ಅಂಗೈ ಉಬ್ಬಿಸಿ ಊತ ತೋರಿಸಿದಳು. ತಟ್ಟೆ ನೂಕಿದಳು, ಹೊರಳಾಡಿದಳು, ತಂಗಿಯನ್ನು ತಳ್ಳಿದಂತೆ ಮಾಡಿದಳು, ಅಮ್ಮನತ್ತ ಬೊಟ್ಟು ಮಾಡಿ ತನ್ನ ಬೆನ್ನಿಗೆ ತಾನೇ ಒಂದು ಏಟು ಹಾಕಿಕೊಂಡಳು. ವೈದ್ಯರ ಮೀಸೆ ಬಂತು, ಅವರ ಇಕ್ಕಳ ಬಂತು, ರಕ್ತ ಬಂತು, ಬಾಯಿಗೆ ಹತ್ತಿ ಬಂತು. ಹೊರಗಿದ್ದ ಮಕ್ಕಳಲ್ಲಿ ನಾಲ್ಕೈದು ಜನ ಒಳಗೆ ಬಂದು ಸುತ್ತ ನಿಂತರು. ಇಕ್ಕಳದ ಜಾಗಕ್ಕೆ ಬಂದಾಗ ಎಲ್ಲರೂ ತಮ್ಮ ತಮ್ಮ ದವಡೆ ಹಿಡಿದುಕೊಂಡರು.

ಅವಳು ಮುಗಿಸಿದ ಮೇಲೆ ಬರ್ನಡೀನ್ ರೋಂಡಾಳ ಕಡೆ ತಿರುಗಿ ಏನೋ ಹೇಳಿದಳು. ಹರ್ಷೆಲ್ ನಗು ತಡೆದುಕೊಂಡು ಬಾಯಿಗೆ ತಂದ: “‘ಮಾತು ಬರಲ್ಲ ಅಂತೀಯಲ್ಲ ತಾಯಿ, ಬಂದಾಗಿಂದ ನನಗೆ ಮಧ್ಯೆ ಒಂದು ಕೈ ಹಾಕಕ್ಕೂ ಬಿಟ್ಟಿಲ್ಲ ಇವಳು’ ಅಂತಿದಾರೆ.”

ರೋಂಡಾಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡು ತಿಂಗಳಿಂದ ಮಗುವಿನ ಹೊಟ್ಟೆಯಲ್ಲಿ ಇಷ್ಟು ದೊಡ್ಡ ಕಥೆ ಇತ್ತು. ಆ ಏಟೂ ಇತ್ತು. ಹೇಳಿಕೊಳ್ಳುವುದಕ್ಕೆ ಒಬ್ಬರು ಸಿಗಬೇಕಾಗಿತ್ತು, ಅಷ್ಟೆ.

ಹೋಕ್‌ಫೆಲ್ಡ್‌ನಲ್ಲಿ ಸುದ್ದಿ ಹಬ್ಬುವುದು ತಡವಾಗಲಿಲ್ಲ. ವರ್ಕ್‌ಶಾಪಿಗೆ ಬಂದ ರೈತರು ವರ್ಲಿನ್‌ನನ್ನು ರೇಗಿಸಿದರು: “ಯಾರೂ ಬಾಯಿ ಬಿಡದ ಊರಂತಲ್ಲಪ್ಪ! ನಿನಗೆ ಅಂತಲೇ ಹೇಳಿ ಮಾಡಿಸಿದ ಹಾಗಿದೆ.” ಅವನು ಬೋಲ್ಟು ಬಿಗಿಸುತ್ತಲೇ ಇದ್ದ. ಮೇ ತಿಂಗಳ ಒಂದು ಶನಿವಾರ ತಾನೇ ಡಾರ್ನೆಲ್‌ಗೆ ಹೊರಟ, ರೋಂಡಾ ಜೊತೆಗೆ ಹೋದಳು. ಅವನು ಅಲ್ಲಿ ಬೀದಿ ಸುತ್ತಿದ, ಒಂದು ಗಂಟೆ ಎಲ್ಲಿಗೋ ಹೋಗಿ ಬಂದ. ವಾಪಸು ಬರುವಾಗ ಪೆಟ್ರೋಲು ಹಾಕಿಸಲು ನಿಲ್ಲಿಸಿದಾಗ, ಪಂಪಿನ ಮೀಟರನ್ನೇ ನೋಡುತ್ತಾ ಹೇಳಿದ: “ಅಲ್ಲೊಂದು ಟೈರಿನ ಅಂಗಡಿ ಇದೆ. ಕಟಾವು ಮುಗಿಸಿ ಆಗಸ್ಟ್‌ನಲ್ಲಿ ಕೆಲಸಕ್ಕೆ ಬಾ ಅಂದ ಅದರ ಯಜಮಾನ.”

“ಟೈರಾ? ನೀನು ಟೈರು ಬದಲಾಯಿಸ್ತೀಯ? ಇಡೀ ಎಂಜಿನ್ ಬಿಚ್ಚಿ ಕಟ್ಟೋನು?”

“ಟೈರೂ ದುಂಡಗೇ ಇರುತ್ತೆ. ಕಲೀತೀನಿ ಬಿಡು.”

ಅತ್ತೆ ಎಲ್ಡಾಳಿಗೆ ಹೇಳುವುದು ರೋಂಡಾಳ ಪಾಲಿಗೆ ಬಂತು. ಮುಂದಿನ ಶನಿವಾರ ಬೆಳಗ್ಗೆ ಎಲ್ಡಾ ಜ್ವೀಬಾಕ್ ಮಾಡುತ್ತಿದ್ದಳು. ಒಂದು ಬನ್ನಿನ ತಲೆಯ ಮೇಲೆ ಇನ್ನೊಂದು ಪುಟ್ಟ ಬನ್ನು ಕೂರಿಸಿ ಬೇಯಿಸುವುದು. ಹಿಟ್ಟು ಹಿಂಡಿ ಉಂಡೆ ಕಟ್ಟುತ್ತಿದ್ದವಳು ಕೈ ನಿಲ್ಲಿಸಲಿಲ್ಲ, ಮುಖ ಮಾತ್ರ ಬಿಗಿಯಾಯಿತು.

“ಇಲ್ಲಿ ಅವಳನ್ನ ಕಂಡ್ರೆ ಆಗ್ದೋರು ಯಾರಿದಾರೆ ಹೇಳು? ಇಡೀ ಊರೇ ತಲೆ ಮೇಲೆ ಹೊತ್ಕೊಂಡಿದೆ.”

“ಎಲ್ಲರಿಗೂ ಇಷ್ಟಾನೇ ಎಲ್ಡಾ. ಎಲ್ಲರೂ ತಲೆ ಸವರ್ತಾರೆ. ಯಾರೂ ಮಾತಾಡ್ಸಲ್ಲ.”

“ನಾನು ಮಾತಾಡ್ಸಲ್ವಾ?”

ರೋಂಡಾ ತನ್ನ ಕೆನ್ನೆಯನ್ನು ತಾನೇ ಮೆಲ್ಲಗೆ ಹಿಂಡಿಕೊಂಡು ತೋರಿಸಿದಳು. ಎಲ್ಡಾ ಅದನ್ನು ನೋಡಿದಳು. ಉಂಡೆ ಕಟ್ಟುವ ಕೈ ಆಗ ನಿಂತಿತು. 

ಅವರು ಹೊರಡುವ ದಿನ, ಆಗಸ್ಟ್‌ನಲ್ಲಿ, ಎಲ್ಡಾ ಹಿಟ್ಟಿನ ಚೀಲದ ತುಂಬ ಜ್ವೀಬಾಕ್ ತಂದು ಟ್ರಕ್ಕಿನ ಮುಂದಿನ ಸೀಟಿಗೆ ಇಟ್ಟಳು. ಬೇಯಿಸಿ, ಮತ್ತೆ ಕಡಿಮೆ ಉರಿಯಲ್ಲಿ ಗರಿಗರಿಯಾಗುವ ತನಕ ಹುರಿದದ್ದು.

“ನಾಲ್ಕು ಗಂಟೆ ದಾರಿಗೆ ಇಷ್ಟೊಂದಾ ಅಮ್ಮ?” ಎಂದ ವರ್ಲಿನ್.

“ನಮ್ಮಜ್ಜಿ ರಷ್ಯಾ ಬಿಟ್ಟು ಹಡಗು ಹತ್ತುವಾಗ ಹೀಗೇ ಹುರ್ಕೊಂಡು ಬಂದಿದ್ದು,” ಎಂದಳು ಎಲ್ಡಾ. “ಮಕ್ಕಳು ನಮ್ಮ ಭಾಷೇಲಿ ಓದ್ಲಿ, ನಮ್ಮ ಹಾಗೆ ಬಾಳ್ಲಿ ಅಂತ ಊರಿಗೆ ಊರೇ ಎದ್ದು ಬಂದ್ರು. ನಾನು ಮರ್ತುಬಿಟ್ಟಿದ್ದೆ. ಹೋಗ್ರಿ, ಬಿಸಿಲೇರತ್ತೆ.” ಟೆಸ್‌ಳ ಕೆನ್ನೆಗೆ ಕೈ ಹೋಯಿತು, ಅರ್ಧದಲ್ಲಿ ತಡೆದು ಅವಳ ಕೈಯನ್ನು ಹಿಡಿದುಕೊಂಡಳು.

ಮೊದಲ ಚಳಿಗಾಲ ರೋಂಡಾಳಿಗೆ ಕಷ್ಟವಾಯಿತು. ಬಾಡಿಗೆ ಮನೆಯ ಒಲೆ ಸರಿಯಿರಲಿಲ್ಲ. ಹೋಕ್‌ಫೆಲ್ಡ್ ಚರ್ಚಿನಲ್ಲಿ ಜನವೆಲ್ಲ ನಾಲ್ಕು ದನಿಯಲ್ಲಿ ಒಟ್ಟಿಗೆ ಹಾಡುವಾಗ ಬೆಂಚುಗಳೇ ಗುಂಯ್‌ಗುಡುತ್ತಿದ್ದವು. ಅದು ನೆನಪಾಗಿ ಭಾನುವಾರ ಪಾತ್ರೆ ತೊಳೆಯುತ್ತಾ ಒಬ್ಬಳೇ ಕೆಳದನಿಯನ್ನು ಹಾಡಿಕೊಂಡು ಅರ್ಧಕ್ಕೆ ಬಿಡುತ್ತಿದ್ದಳು. ಮಂಗಳವಾರ ಸಂಜೆ ಶಾಲೆಯ ನೆಲಮಾಳಿಗೆಯಲ್ಲಿ ತಂದೆತಾಯಿಯರಿಗೆ ಬರ್ನಡೀನ್ ಕೈಮಾತು ಕಲಿಸುತ್ತಿದ್ದಳು. ಗಂಡ ಹೆಂಡತಿ ಇಬ್ಬರೂ ಹೋಗುತ್ತಿದ್ದರು. ರೋಂಡಾಳ ಕೈ ಯಾವಾಗಲೂ ಒಂದು ಪದ ಹಿಂದೆ. ವರ್ಲಿನ್‌ನ ಬೆರಳುಗಳು ಮಾತ್ರ, ಕತ್ತಲಲ್ಲೂ ನಟ್ಟು ಹುಡುಕುವ ಬೆರಳುಗಳು, ನಾಲ್ಕೇ ತಿಂಗಳಲ್ಲಿ ಓಡತೊಡಗಿದವು. ಮದುವೆಯಾದಾಗಿನಿಂದ ಅವನು ಅಷ್ಟು ಮಾತಾಡಿದ್ದನ್ನು ಅವಳು ನೋಡಿರಲಿಲ್ಲ.

ನವೆಂಬರಿನ ಒಂದು ಬೆಳಗ್ಗೆ, ಬೂಟು ಹಾಕಿಕೊಳ್ಳುತ್ತಿದ್ದ ಟೆಸ್ ತಲೆಯೆತ್ತಿ ಹಣೆಯ ಹತ್ತಿರ ಬೆರಳು ತಂದು ‘ಯಾಕೆ’ ಎಂದಳು. ಅದು ಅವಳ ಜೀವನದ ಮೊದಲ ಯಾಕೆ. ಕೆನ್ನೆ ಹಿಂಡಿಕೊಂಡಳು, ಮನೆಯನ್ನು ತೋರಿಸಿದಳು, ಇಲ್ಲ ಎಂದು ತಲೆಯಾಡಿಸಿದಳು. ಅಜ್ಜಿ ಯಾಕೆ ಇಲ್ಲಿಲ್ಲ? ರೋಂಡಾ ತನಗೆ ಗೊತ್ತಿದ್ದ ಎಲ್ಲ ಪದಗಳನ್ನೂ ಸೇರಿಸಿ ಉತ್ತರ ಹೇಳಿದಳು. ಅಂದು ಶಾಲೆಗೆ ಹೊತ್ತಾಯಿತು. ಮಧ್ಯಾಹ್ನ ಎಲ್ಡಾಳಿಗೆ ಫೋನು ಮಾಡಿ ಅದನ್ನು ಹೇಳಿದಳು. ಕ್ರಿಸ್‌ಮಸ್‌ಗೆ ಎಲ್ಡಾ ಬಸ್ಸು ಹತ್ತಿ ಬಂದು ಮೂರು ವಾರ ಇದ್ದಳು. ಹೋಗುವಷ್ಟರಲ್ಲಿ ಅವಳಿಗೆ ಬೈಯುವ ಪದಗಳೂ ಸೇರಿ ಐವತ್ತು ಪದ ಬರುತ್ತಿದ್ದವು. ಬೈಗುಳ ಕಲಿಸಿದವಳು ಬರ್ನಡೀನ್.

ವಸಂತದಲ್ಲಿ ರೋಂಡಾಳಿಗೆ ಅಲ್ಲಿಯೂ ಶಾಲೆಯ ಬಸ್ಸು ಸಿಕ್ಕಿತು. ಇಪ್ಪತ್ತೆರಡು ವರ್ಷ ಓಡಿಸಿದಳು.

ಎಲ್ಲವೂ ಎಲ್ಲರಿಗೂ ಒಳ್ಳೆಯದಾಯಿತು ಎಂದರೆ ಸುಳ್ಳಾಗುತ್ತದೆ. ನೆಲ್‌ಗೆ ಕಿವಿ ಕೇಳುತ್ತಿತ್ತು. ಅಕ್ಕನ ಗೆಳತಿಯರು, ಅಕ್ಕನ ಶಾಲೆ, ಅಕ್ಕನ ಊರು. ಒಂಬತ್ತು ವರ್ಷದವಳಾಗಿದ್ದಾಗ ಒಂದು ದಿನ ಅವಳು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕೇಳಿದಳು: “ಅವಳಿಗೋಸ್ಕರ ಈ ಊರಿಗೆ ಬಂದ್ವಿ. ನನಗೋಸ್ಕರ ಯಾವ ಊರಿಗೆ ಹೋದ್ವಿ?”

“ಎಲ್ಲಿಗೂ ಹೋಗ್ಲಿಲ್ಲ,” ಎಂದಳು ರೋಂಡಾ. ಬೇರೆ ಏನು ಹೇಳಿದರೂ ಆ ಹುಡುಗಿ ನಂಬುತ್ತಿರಲಿಲ್ಲ. “ನಿನಗೆ ಎಲ್ಲಿಗೆ ಹೋಗ್ಬೇಕು?”

ನೆಲ್ ಯೋಚಿಸಿ ಹೇಳಿದಳು: “ಅಜ್ಜನ ವರ್ಕ್‌ಶಾಪಿಗೆ.”

ಅಂದಿನಿಂದ ಪ್ರತಿ ಬೇಸಿಗೆಯೂ ನೆಲ್ ಹೋಕ್‌ಫೆಲ್ಡ್‌ನಲ್ಲಿ ಕಳೆದಳು. ಕಟಾವಿನ ಕಾಲಕ್ಕೆ ಗ್ರೀಸು ಮೆತ್ತಿಕೊಂಡು ಅಜ್ಜನ ಪಕ್ಕದಲ್ಲಿ ನಿಲ್ಲುತ್ತಿದ್ದಳು. ಈಗ ಆ ವರ್ಕ್‌ಶಾಪಿನ ಯಜಮಾನಿ ಅವಳೇ. ಟೆಸ್ ನಕ್ಷೆ ಬರೆಯುವುದನ್ನು ಕಲಿತು, ಡಾರ್ನೆಲ್ ಜಿಲ್ಲೆಯ ರಸ್ತೆ ಕಚೇರಿಯಲ್ಲಿ ಕೆಲಸ ಹಿಡಿದಳು. ಶಾಲೆಯ ಜೊತೆಗಾರನನ್ನೇ ಮದುವೆಯಾಗಿ ಎರಡು ಬೀದಿ ಆಚೆ ಮನೆ ಮಾಡಿದಳು. ಅವಳ ಗೆಳತಿಯರೆಲ್ಲ ಅಡಿಗೆಮನೆಯ ಮೇಜಿನ ಸುತ್ತ ಕೂತು ಮಾತಾಡುವಾಗ ರೋಂಡಾ ಇವತ್ತಿಗೂ ಅರ್ಧದಲ್ಲೇ ದಾರಿ ತಪ್ಪುತ್ತಾಳೆ. ಏನದು ಎಂದು ಕೇಳಿದರೆ, ಆಮೇಲೆ ಹೇಳ್ತೀನಿ ಇರು ಎಂದು ಟೆಸ್ ಕೈಯಾಡಿಸುತ್ತಾಳೆ. ಆಮೇಲೆ ಹೇಳುವುದು ಅವಳಿಗೆ ನೆನಪಿರುವುದಿಲ್ಲ.

ರೋಂಡಾ ಕೆಲಸ ಬಿಟ್ಟ ವರ್ಷ ನೆಲ್ ಬಂದು ಕರೆದಳು. “ವಾಪಸ್ ಬಂದ್ಬಿಡಿ. ಅಜ್ಜನ ಮನೆ ಖಾಲಿ ಇದೆ. ನಿಮ್ಮ ಚರ್ಚು, ನಿಮ್ಮ ಜನ.” ರೋಂಡಾಳಿಗೆ ಮನಸ್ಸಾಯಿತು. ನಾಲ್ಕು ದನಿಯ ಹಾಡು ಕಿವಿಯಲ್ಲಿ ಎದ್ದಿತು. ಗಂಡನನ್ನು ಕೇಳಿದಳು.

ವರ್ಲಿನ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. “ನೀನು ಹೋಗ್ಬೇಕು ಅಂದ್ರೆ ಬರ್ತೀನಿ,” ಎಂದ. “ಆದ್ರೆ ಅಲ್ಲಿ ನಾನು ಯಾರ ಜೊತೆ ಮಾತಾಡ್ಲಿ?”

ಹೋಕ್‌ಫೆಲ್ಡ್‌ನಲ್ಲಿ ಹುಟ್ಟಿ ಮೂವತ್ತೈದು ವರ್ಷ ಅಲ್ಲೇ ಬಾಳಿದವನ ಬಾಯಿಂದ ಬಂದ ಮಾತು ಅದು. ರೋಂಡಾ ಅವನ ಮುಖವನ್ನು ನೋಡಿದಳು, ಆಮೇಲೆ ನೆಲ್‌ಗೆ ಇಲ್ಲ ಎಂದು ಹೇಳಿದಳು. ಹಾಡಿಗಾಗಿ ತಿಂಗಳಿಗೊಂದು ಭಾನುವಾರ ತಾನೊಬ್ಬಳೇ ಕಾರು ಓಡಿಸಿಕೊಂಡು ಹೋಗಿಬರುತ್ತಾಳೆ.

ಉಳಿದ ದಿನಗಳಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಅವರ ಮನೆಯ ಮುಂದಿನ ಹಲಗೆಯ ಜಗಲಿಯಲ್ಲಿ ನಾಲ್ಕು ಮುದುಕರು ಕೂತಿರುತ್ತಾರೆ. ಮೂವರಿಗೆ ಕಿವಿ ಕೇಳಿಸದು, ನಾಲ್ಕನೆಯವನು ವರ್ಲಿನ್. ಹಿಂದಿನ ದಿನದ ಬೇಸ್‌ಬಾಲ್ ಆಟದ ಬಗ್ಗೆ ಜಗಳ ನಡೆದಿರುತ್ತದೆ, ಎಂಟು ಕೈಗಳು ಗಾಳಿಯಲ್ಲಿ. ಊಟಕ್ಕೆ ಬಾ ಎಂದು ರೋಂಡಾ ಒಳಗಿನಿಂದ ಎಷ್ಟು ಕೂಗಿದರೂ ಅವನೂ ತಿರುಗುವುದಿಲ್ಲ. ಕೊನೆಗೆ ಬಾಗಿಲಿಗೆ ಬಂದು, ಜಗಲಿಯ ಹಲಗೆ ಅದುರುವಂತೆ ಕಾಲಿನಿಂದ ದಡದಡ ಎರಡು ಸಲ ಒದೆಯುತ್ತಾಳೆ. ನಾಲ್ವರೂ ಒಟ್ಟಿಗೆ ತಿರುಗಿ ನೋಡುತ್ತಾರೆ.